ಎಂಡೈವ್: ಮೊಳೆಯುವುದೇ ಕಡಿಮೆ, ಮೊಳೆತದ್ದರ ನಡು ಕೊಳೆಯುತ್ತದೆ. ನಮ್ಮ ಕರಾವಳಿಗೆ ಆಗುವ ಬೆಳೆಯಾ ಇದು?

ಕಟಪಾಡಿ ಕೈತೋಟ
ಎಂಡೈವ್ ಎಂಬ ಕಹಿ ಸೊಪ್ಪಿನ ಬಗ್ಗೆ ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ. ಬೀಜ ಹಾಕಿದ್ದು ಅಕ್ಟೋಬರ್ 20ಕ್ಕೆ, ಟ್ರೇಯಲ್ಲಿ, ತಾರಸಿ ಮೇಲೆ. 40 ಬೀಜಕ್ಕೆ ಮೊಳೆತದ್ದು 9. ನವೆಂಬರ್ 18ಕ್ಕೆ ನಾಟಿ: ಐದು ಗ್ರೋ ಬ್ಯಾಗಿನಲ್ಲಿ, ನಾಲ್ಕು ಅಂಗಳದ ಪಾತಿಯಲ್ಲಿ. ಗುಂಗುರು ಎಲೆಯ ಜಾತಿ. ಈಗ ಬೀಜ ಹಾಕಿ 11 ವಾರ, ಗಿಡದ ಅಗಲ ಒಂದು ಗೇಣು ದಾಟಿದೆ.

ತೊಂದರೆ ಮೂರು. ಮೊದಲನೆಯದು ಬೀಜದ್ದು. ಎರಡನೆಯದು, ಬ್ಯಾಗಿನ ಗಿಡಗಳಲ್ಲಿ ಹೊರಗಿನ ಎಲೆ ಚೆಂದ ಉಂಟು, ನಡುವಿನ ಎಳೆ ಎಲೆಗಳ ಅಂಚು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಕಾಗದದ ಹಾಗೆ ಆಗ್ತಾ ಉಂಟು. ಪಾತಿಯ ಗಿಡಕ್ಕೆ ಅಷ್ಟಿಲ್ಲ. ಮೂರನೆಯದು, ಕಹಿ ಹೋಗಲಿಕ್ಕೆ ಎಲೆ ಒಟ್ಟು ಮಾಡಿ ಕಟ್ಟಬೇಕು ಅಂತ ಓದಿ ಬ್ಯಾಗಿನ ಒಂದು ಗಿಡವನ್ನು 15 ದಿನ ಕಟ್ಟಿಟ್ಟದ್ದು. ಬಿಚ್ಚಿದರೆ ನಡು ಪೂರಾ ಲೋಳೆ, ಕೆಟ್ಟ ವಾಸನೆ.

ಬ್ಯಾಗಿನ ಮಿಶ್ರಣ ಅರ್ಧ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), ಅರ್ಧ ಹಟ್ಟಿಗೊಬ್ಬರ. ನೀರು ಸಂಜೆ, ಮೇಲಿಂದ ಶವರಿನಲ್ಲಿ.

ಕುಡ್ಲ ಬಾಲ್ಕನಿ
ಎಂಡೈವ್ ಅಂದ್ರೆ ಕಾಫಿಪುಡಿಗೆ ಹಾಕ್ತಾರಲ್ಲ, ಆ ಚಿಕೋರಿಯೇ ಅಲ್ವಾ? ಅದರ ಬೇರು ಬೇಕಾದ್ದು, ಎಲೆ ಎಂತಕ್ಕೆ?

ಬೀಜದ ಡಬ್ಬಿ
ಅಲ್ಲ. ಹತ್ತಿರದ ಸಂಬಂಧಿಗಳು, ಆದರೆ ಬೇರೆ ಬೇರೆ ಗಿಡ. ಕಾಫಿಗೆ ಹೋಗುವುದು ಸಿಕೋರಿಯಂ ಇಂಟಿಬಸ್, ಅದರ ಬೇರನ್ನು ಹುರಿದು ಪುಡಿ ಮಾಡ್ತಾರೆ. ಎಂಡೈವ್ ಅಂದರೆ ಸಿಕೋರಿಯಂ ಎಂಡಿವಿಯಾ, ಸೊಪ್ಪಿಗಾಗಿಯೇ ಬೆಳೆಯುವಂಥದ್ದು. ಹೆಸರಿನ ಗೊಂದಲಕ್ಕೆ ಇನ್ನೊಂದು ಕಾರಣ ಉಂಟು. ದೊಡ್ಡ ಅಂಗಡಿಗಳಲ್ಲಿ ಬಾಳೆಮೋತೆಯ ಮರಿಯಂತೆ ಬಿಳಿ ಮೊಗ್ಗಿನ ಆಕಾರದಲ್ಲಿ ಸಿಗುವ "ಬೆಲ್ಜಿಯನ್ ಎಂಡೈವ್" ಕೂಡ ನಿಜಕ್ಕೆ ಇಂಟಿಬಸ್ಸೇ. ಬೇರು ಕಿತ್ತು ತಂದು ಕತ್ತಲೆಯಲ್ಲಿ ಚಿಗುರಿಸುವುದು ಅದು. ಅದಕ್ಕೆ ತಂಪು ಕೋಣೆ ಬೇಕು, ನಮ್ಮ ಹಿತ್ತಲಿನ ಕೆಲಸ ಅಲ್ಲ.

ನಾವು ಬೆಳೆಯಬಹುದಾದ್ದು ಎರಡು ಬಗೆ. ಒಂದು ಗುಂಗುರು ಎಲೆಯದ್ದು, ಫ್ರೀಜೆ ಅಂತಾರೆ. ಇನ್ನೊಂದು ಅಗಲ ಎಲೆಯದ್ದು, ಎಸ್ಕರೋಲ್. ಕರಾವಳಿಗೆ ಎಸ್ಕರೋಲ್ ವಾಸಿ ಅಂತ ನನ್ನ ಖಂಡಿತ ಅಭಿಪ್ರಾಯ. ಗುಂಗುರು ಎಲೆಯ ಸಂದಿಯಲ್ಲಿ ಇಬ್ಬನಿ ಹತ್ತು ಗಂಟೆಯವರೆಗೂ ಒಣಗುವುದಿಲ್ಲ, ಗಿಡದ ಹೇನು ಕೂತರೆ ಕಾಣುವುದಿಲ್ಲ, ತೊಳೆಯಲಿಕ್ಕೂ ಕಷ್ಟ.

ಬೀಜದ ವಿಷಯ ಊಟ ಮಾಡಿ ಬಂದು ಬರೀತೇನೆ.

ಹಟ್ಟಿಗೊಬ್ಬರ
ಅರ್ಧಕ್ಕರ್ಧ ಗೊಬ್ಬರ ಹೆಚ್ಚಾಯ್ತು. ಅದು ಬಸಳೆಗೆ ಸರಿ, ಇದಕ್ಕಲ್ಲ.

ತಾರಸಿ ಮಣಿಪಾಲ
ಅಂಚು ಸುಡುವುದು ಕ್ಯಾಲ್ಸಿಯಂ ಕೊರತೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಬುಡಕ್ಕೆ ಹಾಕಿ, ಒಂದು ವಾರದಲ್ಲಿ ಸರಿಯಾಗ್ತದೆ.

ಬಾವಿಕಟ್ಟೆ
ಮಣಿಪಾಲದವರೆ, ಅರ್ಧ ಸರಿ, ಅರ್ಧ ತಪ್ಪು. ಕೊರತೆ ಇರುವುದು ಎಳೆ ಎಲೆಯಲ್ಲಿ, ಮಣ್ಣಿನಲ್ಲಿ ಇರಬೇಕೆಂದಿಲ್ಲ. ಮೊಟ್ಟೆ ಸಿಪ್ಪೆ ಕರಗಲಿಕ್ಕೆ ತಿಂಗಳುಗಟ್ಟಲೆ ಬೇಕು, ಈ ಬೆಳೆಯ ಆಯುಷ್ಯವೇ ಮೂರು ತಿಂಗಳು. ಒಂದು ವಾರದಲ್ಲಿ ಅದರಿಂದ ಏನೂ ಆಗುವುದಿಲ್ಲ.

ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಮೇಲೇರುವುದು. ಯಾವ ಎಲೆಯಿಂದ ನೀರು ಹೆಚ್ಚು ಆವಿಯಾಗ್ತದೋ ಆ ಎಲೆಗೆ ಹೆಚ್ಚು ಹೋಗ್ತದೆ. ಹೊರಗಿನ ದೊಡ್ಡ ಎಲೆಗೆ ಗಾಳಿ ಬಿಸಿಲು ಸಿಗ್ತದೆ, ಅದು ಎಳೆದುಕೊಳ್ತದೆ. ನಡುವಿನ ಎಳೆ ಎಲೆ ಗುಂಪಿನೊಳಗೆ ಅಡಗಿ ಕೂತಿರ್ತದೆ, ಅಲ್ಲಿಂದ ಆವಿಯೇ ಆಗುವುದಿಲ್ಲ. ಒಮ್ಮೆ ಹೊರ ಎಲೆಗೆ ಸೇರಿದ ಕ್ಯಾಲ್ಸಿಯಂ ಮತ್ತೆ ಒಳಗೆ ಬರುವುದೂ ಇಲ್ಲ. ಹಾಗಾಗಿ ಹೊರಗೆ ಚೆಂದ, ನಡು ಸುಟ್ಟದ್ದು.

ಇದನ್ನು ಜಾಸ್ತಿ ಮಾಡುವ ವಿಷಯ ನಿಮ್ಮ ಬ್ಯಾಗಿನಲ್ಲೇ ಉಂಟು:
ಗೊಬ್ಬರ ಹೆಚ್ಚಾಗಿ ಸಾರಜನಕ ಹೆಚ್ಚಾದರೆ ಎಳೆ ಎಲೆ ಓಡಿ ಬೆಳೀತದೆ, ಕ್ಯಾಲ್ಸಿಯಂ ಆ ಓಟಕ್ಕೆ ಸಾಲುವುದಿಲ್ಲ. ತೊಳೆಯದ ಕೋಕೋಪೀಟಿನಲ್ಲಿ ಪೊಟ್ಯಾಶ್ ಮತ್ತು ಸೋಡಿಯಂ ತುಂಬಾ ಇರ್ತದೆ, ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದ್ದಾದರೆ ಉಪ್ಪು ಇನ್ನೂ ಹೆಚ್ಚು. ಬೇರಿನ ಬಾಗಿಲಲ್ಲಿ ಇವೆರಡೂ ಕ್ಯಾಲ್ಸಿಯಮ್ಮನ್ನು ದೂಡಿ ಮುಂದೆ ಹೋಗ್ತವೆ. ಮತ್ತೆ ಬ್ಯಾಗು ಮಧ್ಯಾಹ್ನಕ್ಕೆ ಒಣಗಿ ಸಂಜೆ ಒದ್ದೆಯಾದರೆ ಹಗಲಿನ ಹರಿವು ನಿಂತುಹೋಗ್ತದೆ. ಪಾತಿಯ ಗಿಡಕ್ಕೆ ತೊಂದರೆ ಕಡಿಮೆ ಇರುವುದು ಇದೇ ಕಾರಣಕ್ಕೆ: ನೆಲ ಒಂದೇ ದಿನದಲ್ಲಿ ಒಣಗುವುದಿಲ್ಲ.

ಕಟಪಾಡಿ ಕೈತೋಟ
ಕೋಕೋಪೀಟ್ ತೊಳೆದಿಲ್ಲ, ಅಚ್ಚೊತ್ತಿದ ಅದರ ಇಟ್ಟಿಗೆ ನೆನೆಸಿ ಹಾಗೇ ಹಾಕಿದ್ದು. ಈಗ ಗಿಡ ಇರುವಾಗ ಎಂತ ಮಾಡಬಹುದು?

ಬಾವಿಕಟ್ಟೆ
ಮೊದಲು ಒಂದು ಸಲ ಉಪ್ಪು ತೊಳೆದು ಹೊರಗೆ ಹಾಕಿ. ಬೆಳಿಗ್ಗೆ ಒಂದೊಂದು ಬ್ಯಾಗಿಗೆ 8–10 ಲೀಟರ್ ಸಿಹಿನೀರು, ಅರ್ಧ ಗಂಟೆಯಲ್ಲಿ ನಿಧಾನ ಹರಿಸಿ. ಅಡಿಯ ತೂತಿನಿಂದ ಮೊದಲು ಚಹಾ ಬಣ್ಣದ ನೀರು ಬರ್ತದೆ, ತಿಳಿಯಾಗುವವರೆಗೆ ಬಿಡಿ. ತೂತು ಮುಚ್ಚಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಬೇರು ಮುಳುಗಿ ಇನ್ನೊಂದು ತೊಂದರೆ.

ಎರಡು ದಿನ ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ ಕರಗಿಸಿ ಗಿಡಕ್ಕೆ ಅರ್ಧ ಲೀಟರ್ ಬುಡಕ್ಕೆ, ವಾರಕ್ಕೊಮ್ಮೆ, ಮೂರು ಸಲ ಸಾಕು. ಸಿಂಪಡಿಸುವುದಾದರೆ ಲೀಟರಿಗೆ 2 ಗ್ರಾಂ, ಬೆಳಿಗ್ಗೆ, ಎಲೆ ಬಿಡಿಸಿ ನಡುವಿಗೇ ಬೀಳುವ ಹಾಗೆ. ಹೊರ ಎಲೆಗೆ ಹೊಡೆದು ಪ್ರಯೋಜನ ಇಲ್ಲ. ಇದರ ಜೊತೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಬೆರೆಸಬೇಡಿ, ಬಿಳಿ ಗಸಿಯಾಗಿ ಕೂತುಬಿಡ್ತದೆ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸದಾಗಿ ಬರುವ ಎಲೆಯ ಅಂಚು ನೋಡಿ, ಒಂದು ವಾರ ಹತ್ತು ದಿನದಲ್ಲಿ ಗೊತ್ತಾಗ್ತದೆ.

ಮುಂದಿನ ಸಲಕ್ಕೆ: ಕೋಕೋಪೀಟನ್ನು ಗೋಣಿಯಲ್ಲಿ ಕಟ್ಟಿ ಮೂರು ನೀರಿನಲ್ಲಿ ತೊಳೆದು ಹಿಂಡಿ, ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟಿನ ನೀರಿನಲ್ಲಿ ಒಂದು ರಾತ್ರಿ ಇಡಿ, ಮರುದಿನ ಬಸಿದು ಮತ್ತೊಮ್ಮೆ ತೊಳೆಯಿರಿ.

ಹಟ್ಟಿಗೊಬ್ಬರ
ನೆಲದ ಬಗ್ಗೆ ನಾನೂ ಒಂದು ಮಾತು ಸೇರಿಸ್ತೇನೆ. ನಮ್ಮ ಮುರಮಣ್ಣು ಹುಳಿ, ರಸಸಾರ (pH) 5–5.5ರ ಆಸುಪಾಸು ಸಿಗುವುದೇ ಹೆಚ್ಚು. ಎಂಡೈವ್‌ಗೆ 6ರಿಂದ 6.8 ಬೇಕು. ಮಣ್ಣು ಪರೀಕ್ಷೆ ಮಾಡಿಸಿ ಹುಳಿ ಅಂತ ಬಂದರೆ ಚದರ ಮೀಟರಿಗೆ 200–250 ಗ್ರಾಂ ಕೃಷಿ ಸುಣ್ಣ. ಚಿಪ್ಪಿನ ಸುಣ್ಣ ಅರಳಿಸಿದ್ದಾದರೆ ಅದರ ಮುಕ್ಕಾಲು ಪಾಲು ಸಾಕು, ಅದರಲ್ಲಿ ಕ್ಷಾರ ಹೆಚ್ಚು. ಸುಣ್ಣ ಹಾಕಿ ಕೊಚ್ಚಿ ನೀರು ಬಿಟ್ಟು ಎರಡು ಮೂರು ವಾರ ಕಾದು ಆಮೇಲೆ ಗೊಬ್ಬರ. ಸುಣ್ಣ ಗೊಬ್ಬರ ಒಟ್ಟಿಗೆ ಹಾಕಿದರೆ ಅಮೋನಿಯಾ ಗಾಳಿಗೆ ಹೋಗ್ತದೆ. ಮೂಗಿಗೇ ಗೊತ್ತಾಗ್ತದೆ ಅದು.

ಬ್ಯಾಗಿಗೆ: ಕೆಂಪು ಮಣ್ಣು ಅಥವಾ ಸುಡುಮಣ್ಣು 2 ಪಾಲು, ಎರಡು ಮಳೆ ಕಂಡ ಹಟ್ಟಿಗೊಬ್ಬರ 1 ಪಾಲು, ತೊಳೆದ ಕೋಕೋಪೀಟ್ 1 ಪಾಲು. 12 ಇಂಚಿನ ಬ್ಯಾಗಿಗೆ ಬೇವಿನ ಹಿಂಡಿ 50 ಗ್ರಾಂ. ಒಂದು ಬ್ಯಾಗಿಗೆ ಒಂದೇ ಗಿಡ. ಪಾತಿಯಲ್ಲಿ ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್. ಹತ್ತಿರ ನೆಟ್ಟರೆ ಎಲೆ ತಾಗಿಕೊಂಡು ಗಾಳಿ ಆಡುವುದಿಲ್ಲ.

ಮೇಲುಗೊಬ್ಬರಕ್ಕೆ ನೆಲಕಡಲೆ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಿನಲ್ಲಿ ಎರಡು ದಿನ ಕೊಳೆಹಾಕಿ, ಹತ್ತು ಪಾಲು ನೀರು ಸೇರಿಸಿ ಗಿಡಕ್ಕೆ ಒಂದು ಲೋಟ, 15 ದಿನಕ್ಕೊಮ್ಮೆ. ಕಟಪಾಡಿಯವರ ಬ್ಯಾಗಿಗೆ ಈಗ ಇದು ಬೇಡ, ಅಲ್ಲಿ ಸಾಕಷ್ಟು ಉಂಟು.

ಸಮುದ್ರದ ಹತ್ತಿರದವರು ಬಾವಿ ನೀರು ಬಾಯಿಗೆ ಹಾಕಿ ನೋಡಿಯೇ ಬಿಡಿ. ಬೇಸಿಗೆಗೆ ಚಪ್ಪೆ ಉಪ್ಪು ಬರುವ ಬಾವಿಯಾದರೆ ಈ ಬೆಳೆಯ ಆಸೆ ಬೇಡ.

ಬೀಜದ ಡಬ್ಬಿ
ಬಂದೆ. 40ಕ್ಕೆ 9 ಅಂದ ಕೂಡಲೇ ಬೀಜ ಹಾಳು ಅಂತ ತೀರ್ಮಾನ ಮಾಡ್ಬೇಡಿ. ಎಂಡೈವ್ ಬೀಜ ಮೊಳೆಯಲಿಕ್ಕೆ ಹಿತ 20–22 ಡಿಗ್ರಿ. ಮಣ್ಣಿನ ಬಿಸಿ 30 ದಾಟಿದರೆ ಬೀಜ ನೀರು ಕುಡಿದರೂ ಏಳುವುದಿಲ್ಲ, ಲೆಟ್ಯೂಸಿನ ಹಾಗೆಯೇ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮಧ್ಯಾಹ್ನ ನಮ್ಮಲ್ಲಿ 31–32 ಇರ್ತದೆ. ತಾರಸಿಯ ಕಾದ ಸಿಮೆಂಟಿನ ಮೇಲೆ ಕಪ್ಪು ಟ್ರೇ ಅಂದರೆ ಒಳಗೆ ಇನ್ನೂ ಹೆಚ್ಚು.

ಮಾಡಬೇಕಾದ್ದು ಹೀಗೆ. ಬೀಜವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ನೀರು ತೊಟ್ಟಿಕ್ಕಬಾರದು. ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಎರಡು ದಿನ. ಮೂರನೇ ದಿನ ಸಂಜೆ ಬಿತ್ತಿ, ಬೆಳಿಗ್ಗೆ ಅಲ್ಲ. ಸಂಜೆ ಬಿತ್ತಿದರೆ ಮೊದಲ 12 ಗಂಟೆ ತಂಪಿನಲ್ಲಿ ಕಳೀತದೆ. ಆಳ ಅರ್ಧ ಸೆಂಟಿಮೀಟರ್, ಮೇಲೆ ಜರಡಿ ಹಿಡಿದ ಗೊಬ್ಬರ ಬರೀ ಬೀಜ ಮುಚ್ಚುವಷ್ಟು. ಟ್ರೇಯನ್ನು ಪೂರ್ವದ ಜಗಲಿಯಲ್ಲೋ ಬಾವಿಕಟ್ಟೆಯ ನೆರಳಲ್ಲೋ ಒದ್ದೆ ಗೋಣಿಯ ಮೇಲೆ ಇಡಿ. ಐದಾರು ದಿನಕ್ಕೆ ಮೊಳಕೆ. ಮೊದಲ ಹಸಿರು ಕಂಡ ದಿನವೇ ಬೆಳಗಿನ ಬಿಸಿಲಿಗೆ ತನ್ನಿ, ಒಂದು ದಿನ ತಡವಾದರೂ ಕುತ್ತಿಗೆ ಉದ್ದವಾಗಿ ಬಗ್ಗಿ ಬೀಳ್ತದೆ. ನಾಲ್ಕೈದು ಎಲೆ ಬಂದಾಗ, ಅಂದರೆ 25–30 ದಿನಕ್ಕೆ ನಾಟಿ. ಸುಳಿ ಮಣ್ಣಿನಲ್ಲಿ ಹೂತುಹೋಗಬಾರದು.

ಮೂಡುಗಾಳಿ
ಎರಡು ದಿನದ ಬದಲು ಹತ್ತು ದಿನ ಫ್ರಿಜ್ಜಲ್ಲಿಟ್ಟರೆ ಪೂರಾ ಮೊಳೀಬಹುದಲ್ವಾ?

ಬೀಜದ ಡಬ್ಬಿ
ಬೇಡ, ಖಂಡಿತ ಬೇಡ. ಒದ್ದೆ ಬೀಜ ಚಳಿಯಲ್ಲಿ ತುಂಬಾ ದಿನ ಕೂತರೆ ಚಳಿಗಾಲ ಕಳೆದದ್ದು ಅಂತ ಲೆಕ್ಕ ಹಾಕಿಕೊಳ್ತದೆ. ಆಮೇಲೆ ಎಲೆ ಕಟ್ಟುವ ಬದಲು ಹೂಕೋಲು ಎಬ್ಬಿಸ್ತದೆ. ಎಂಡೈವ್ ಇದರಲ್ಲಿ ಲೆಟ್ಯೂಸಿಗಿಂತ ಸೂಕ್ಷ್ಮ. ಎರಡು ದಿನ, ಹೆಚ್ಚೆಂದರೆ ಮೂರು.

ಉಳಿದ ಒಣ ಬೀಜ ಬೇರೆ ವಿಷಯ. ಅದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಫ್ರಿಜ್ಜಿನಲ್ಲೇ ಇಡಿ, ನಾಲ್ಕೈದು ವರ್ಷ ಬಾಳ್ತದೆ. ಹೊರಗಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಒಂದೇ ವರ್ಷ. ಬಾಟಲಿ ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ಬೀಜದ ಮೇಲೇ ಬೆವರು ಕೂರ್ತದೆ.

ಮಲ್ಪೆ ಗಾಳಿ
ಕೊಳೆತದ್ದಕ್ಕೆ ಶೇಕಡಾ 1ರ ಬೋರ್ಡೋ (ಮೈಲುತುತ್ತು ಸುಣ್ಣದ ದ್ರಾವಣ) ಹೊಡೀರಿ. ಅಡಿಕೆಗೆ ಮಾಡಿದ್ದು ಇರ್ತದಲ್ಲ.

ಹಟ್ಟಿಗೊಬ್ಬರ
ಅಯ್ಯೋ ಬೇಡ. ಅಡಿಕೆ ಗೊನೆಯ ಕೊಳೆರೋಗಕ್ಕೆ ಮಾಡುವ ಮದ್ದನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕುವುದಾ? ಎಳೆ ಎಲೆಯನ್ನು ತಾಮ್ರ ಸುಡ್ತದೆ, ಗುಂಗುರಿನ ಸಂದಿಯಲ್ಲಿ ನೀಲಿ ಕಲೆ ಉಳೀತದೆ, ತೊಳೆದರೆ ಹೋಗುವುದಿಲ್ಲ. ಅಲ್ಲದೆ ಈ ಕೊಳೆಗೂ ಅದಕ್ಕೂ ಸಂಬಂಧ ಇಲ್ಲ.

ಮುಟ್ಟಾಳೆ
ಕೊಳೆ ಯಾವುದು ಅಂತ ಮೊದಲು ನೋಡಬೇಕು. ನಡು ಲೋಳೆ, ಕೆಟ್ಟ ವಾಸನೆ ಅಂದರೆ ಅದು ಬ್ಯಾಕ್ಟೀರಿಯಾದ ಮೆದುಕೊಳೆ. ನೆಲಕ್ಕೆ ತಾಗಿದ ಎಲೆಯ ದಿಂಡಿನಲ್ಲಿ ತುಕ್ಕು ಬಣ್ಣದ ತಗ್ಗು ಕಲೆ ಬಂದು ಅಲ್ಲಿಂದ ಮೇಲೇರಿದರೆ ಬುಡಕೊಳೆ, ರೈಜೋಕ್ಟೋನಿಯಾ ಎಂಬ ಶಿಲೀಂಧ್ರದ್ದು. ಟ್ರೇಯಲ್ಲೇ ಸಸಿ ಬುಡ ನೂಲಿನಂತೆ ಸಪುರವಾಗಿ ಬಿದ್ದರೆ ಸಸಿಕೊಳೆ, ಅದಕ್ಕೆ ಮಿಶ್ರಣದ ಕಿಲೋಗೆ 5 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೇ ಶಿಲೀಂಧ್ರದ ಪುಡಿ) ಮೊದಲೇ ಸೇರಿಸಿಟ್ಟು ನೀರು ಹಿಡಿತದಲ್ಲಿಟ್ಟರೆ ಆಯ್ತು.

ಕಟಪಾಡಿಯವರದ್ದು ಮೊದಲನೆಯದು. ನಿಮ್ಮ ಎರಡನೇ ತೊಂದರೆ ಮತ್ತು ಮೂರನೇ ತೊಂದರೆ ಒಂದೇ ಸರಪಣಿ ಮಾರಾಯ್ರೆ. ನಡು ಎಲೆಯ ಅಂಚು ಸತ್ತಿತು, ಸತ್ತ ಅಂಚೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಸಂಜೆ ಶವರು ಹಾಕಿ ನೀರು ಒಳಗೆ ನಿಂತಿತು. ಅದನ್ನು ಹಾಗೇ ಕಟ್ಟಿ 15 ದಿನ ಬಿಟ್ಟದ್ದು. ಅಂಚು ಸುಟ್ಟ ಗಿಡವನ್ನು ಯಾವತ್ತೂ ಕಟ್ಟಬಾರದು. ಅದನ್ನು ಎಲೆ ಎಲೆ ಕಿತ್ತು ಪಲ್ಯಕ್ಕೆ ಮುಗಿಸಿ.

ಕಟ್ಟಿಡಲಿಕ್ಕೆ ಪುಸ್ತಕಗಳಲ್ಲಿ ಬರುವ ಎರಡು ಮೂರು ವಾರದ ಲೆಕ್ಕ ಚಳಿದೇಶದ್ದು, ಅಲ್ಲಿ ಹಗಲಿನಲ್ಲೇ 10–15 ಡಿಗ್ರಿ ಇರುವಾಗಿನದು. ನಮ್ಮಲ್ಲಿ ಜನವರಿಯಲ್ಲೂ ರಾತ್ರಿ 20ರ ಆಸುಪಾಸೇ ಇರ್ತದೆ. ಇಲ್ಲಿ ಐದರಿಂದ ಏಳು ದಿನಕ್ಕೆ ಬೆಳಕು ತಪ್ಪಿ ನಡು ಹಳದಿಬಿಳಿ ಆಗ್ತದೆ. ಎಂಟನೇ ದಿನದ ಆಸೆ ಮಾಡ್ಬೇಡಿ.

ಕಟ್ಟುವುದಾದರೆ: ಹಿಂದಿನ ದಿನ ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು. ಮರುದಿನ ಇಬ್ಬನಿ ಪೂರಾ ಆರಿದ ಮೇಲೆ, ಹನ್ನೊಂದು ಗಂಟೆ ಹೊತ್ತಿಗೆ, ಎಲೆಗಳನ್ನು ಅಂಗೈಯಲ್ಲಿ ಒಟ್ಟು ಮಾಡಿ. ನಡುವಿಗೆ ಬೆರಳು ಹಾಕಿ ನೋಡಿ, ತೇವ ತಾಗಿದರೆ ಆ ದಿನ ಕಟ್ಟಬೇಡಿ. ಹಳದಿಯಾದ ಕೆಳ ಎಲೆ ಕಿತ್ತುಹಾಕಿ. ಬಾಳೆನಾರನ್ನು ಒದ್ದೆ ಮಾಡದೆ ಮೇಲಿನ ಮೂರನೇ ಒಂದು ಭಾಗದಲ್ಲಿ ಒಂದೇ ಸುತ್ತು, ಹೂಮಾಲೆಗೆ ಹಾಕುವಂಥ ಸಡಿಲ ಗಂಟು. ಕಿರುಬೆರಳು ಆ ಸುತ್ತಿನೊಳಗೆ ಸಲೀಸಾಗಿ ಹೋಗಬೇಕು. ರಬ್ಬರ್ ಬ್ಯಾಂಡ್ ಬೇಡ, ದಿಂಡು ಒತ್ತಿ ಗಾಯವಾಗ್ತದೆ. ಮೂರನೇ ದಿನ ಬಿಚ್ಚಿ ನೋಡಿ, ಮೂಗಿಗೆ ಹಿಡಿದೂ ನೋಡಿ.

ಇದಕ್ಕಿಂತ ನನಗೆ ಹಿಡಿಸಿದ ಕ್ರಮ ಹಾಳೆತಟ್ಟೆಯದ್ದು. ಸಮಾರಂಭಕ್ಕೆ ತರುವ ಅಡಿಕೆ ಹಾಳೆಯ ತಟ್ಟೆ, ಎಂಟು ಇಂಚಿನದ್ದು, ಒಣಗಿದ್ದು. ಅದನ್ನು ಗಿಡದ ನಡುವಿನ ಮೇಲೆ ಕವುಚಿ ಸಣ್ಣ ಕಲ್ಲು ಇಡಿ. ನಡು ಮಾತ್ರ ಕತ್ತಲೆ, ಹೊರ ಎಲೆ ಬಿಸಿಲಿನಲ್ಲಿ ಕೆಲಸ ಮಾಡ್ತಾ ಇರ್ತದೆ, ಪಕ್ಕದಿಂದ ಗಾಳಿಯೂ ಹೋಗ್ತದೆ. ಗಿಡದ ಅಗಲ 30 ಸೆಂಟಿಮೀಟರ್ ಆದ ಮೇಲೆ ಮಾಡಿ. ಬೆಳಿಗ್ಗೆ ತಟ್ಟೆ ಎತ್ತಿ ಒಳಗೆ ಬೆವರು ಇದ್ದರೆ ಒರೆಸಿ ಮತ್ತೆ ಇಡಿ. ಗುಂಗುರು ಜಾತಿ ಚಪ್ಪಟೆ ಹರಡುವುದರಿಂದ ಅದಕ್ಕೆ ಇದು ಇನ್ನೂ ಅನುಕೂಲ. ಎಸ್ಕರೋಲ್ ನೆಟ್ಟಗೆ ಬೆಳೆಯುವುದು, ಅದಕ್ಕೆ ನಾರಿನ ಕಟ್ಟು ಸರಿ.

ಒಂದು ಸಲಕ್ಕೆ ಒಂದೇ ಎರಡೇ ಗಿಡ ಮುಚ್ಚಿ. ಬಿಳಿಯಾದ ಮೇಲೆ ಗಿಡದಲ್ಲಿಯೂ ಉಳಿಯುವುದಿಲ್ಲ, ಫ್ರಿಜ್ಜಲ್ಲಿಯೂ ಎರಡು ಮೂರು ದಿನದ ಮೇಲೆ ಚೆಂದ ಇರುವುದಿಲ್ಲ.

ಕುಡ್ಲ ಬಾಲ್ಕನಿ
ಬಿಳಿ ಮಾಡಲೇಬೇಕಾ? ಹಸಿರು ಎಲೆಯಲ್ಲೇ ಅಲ್ವಾ ಸತ್ವ ಇರುವುದು?

ಬಾವಿಕಟ್ಟೆ
ಮಾಡಲೇಬೇಕು ಅಂತಿಲ್ಲ. ಬೆಳಕು ತಪ್ಪಿದರೆ ಕಹಿ ಇಳೀತದೆ, ಜೊತೆಗೆ ಹಸಿರೂ ಕ್ಯಾರೊಟಿನೂ ಇಳೀತದೆ. ಹಸಿಯಾಗಿ ತಿನ್ನುವವರಿಗೆ ನಡು ಬಿಳಿ, ಬೇಯಿಸುವವರಿಗೆ ಪೂರಾ ಹಸಿರು. ಕಹಿಯ ಮೂಲ ಎಲೆ ಮುರಿದಾಗ ಬರುವ ಹಾಲಿನಲ್ಲಿರುವ ಲ್ಯಾಕ್ಟ್ಯೂಸಿನ್, ಲ್ಯಾಕ್ಟ್ಯೂಕೋಪಿಕ್ರಿನ್ ಎಂಬ ಪದಾರ್ಥಗಳು. ಬಿಸಿಲ ಝಳಕ್ಕೆ, ನೀರು ತಪ್ಪಿದ್ದಕ್ಕೆ ಗಿಡ ಬೇಗ ಬಲಿತು ಕಹಿ ಏರ್ತದೆ. ಆದ್ದರಿಂದ ಕಹಿಗೆ ಮೊದಲ ಮದ್ದು ನೆರಳು ಮತ್ತು ಸಮ ತೇವ, ಕಟ್ಟುವುದು ಆಮೇಲಿನದು. ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಸಾಕು. ಮಧ್ಯಾಹ್ನ ಶೇಕಡಾ 35–50ರ ನೆರಳುಬಲೆ, ಗಿಡದ ತಲೆಯಿಂದ ಆರೇಳು ಅಡಿ ಮೇಲೆ ಕಟ್ಟಿ ಗಾಳಿ ಆಡುವ ಹಾಗೆ. ಅಡಿಕೆ ತೋಟದ ಒಳಗೆ ಬೇಡ, ಅಲ್ಲಿ ಬೆಳಕು ಸಾಲುವುದಿಲ್ಲ, ಹನಿ ಬೀಳುವುದೂ ನಿಲ್ಲುವುದಿಲ್ಲ.

ನೀರು ಬೆಳಿಗ್ಗೆ, ಬುಡಕ್ಕೆ. 12 ಇಂಚಿನ ಬ್ಯಾಗಿಗೆ ಡಿಸೆಂಬರಿನಲ್ಲಿ ಒಂದು ಲೀಟರ್ ಸಾಕು, ಫೆಬ್ರವರಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರರ ಮೇಲೆ ಅರ್ಧ.

ಗುಳ್ಳ ಪ್ರಿಯ
ಇಷ್ಟೆಲ್ಲ ಕಷ್ಟ ಪಟ್ಟು ಇದು ಯಾಕೆ? ಅದೇ ಜಾಗದಲ್ಲಿ ಮಟ್ಟುಗುಳ್ಳ, ಹರಿವೆ, ಅಲಸಂಡೆ ಚೆಂದ ಬರ್ತದಲ್ಲ.

ಬೀಜದ ಡಬ್ಬಿ
ಗುಳ್ಳವನ್ನು ಬಿಡಿ ಅಂತ ಯಾರು ಹೇಳಿದ್ದು? ನೆರಳಿನ ಮೂಲೆಯಲ್ಲಿ ಗುಳ್ಳ ಕಾಯಿ ಬಿಡುವುದಿಲ್ಲ, ಇದು ಬರ್ತದೆ. ಪೇಟೆಯಲ್ಲಿ ಇದು ಸಿಗುವುದೇ ಅಪರೂಪ, ಸಿಕ್ಕಿದರೂ ಬಾಡಿದ್ದು. ಬೆಳೆದು ಅದೇ ಗಳಿಗೆಯಲ್ಲಿ ಕೊಯ್ದು ತಿನ್ನುವ ರುಚಿ ಬೇರೆಯೇ.

ಗುಳ್ಳ ಪ್ರಿಯ
ಆ ಮಾತು ಒಪ್ಪಿದೆ.

ಮೂಡುಗಾಳಿ
ನಮ್ಮಲ್ಲಿ, ಕಾರ್ಕಳದ ಕಡೆ, ನವಿಲಿನ ಕಾಟ. ಸಸಿ ನೆಟ್ಟ ಮರುದಿನವೇ ಸುಳಿ ಇಲ್ಲ. ಹಳೇ ಸೀರೆ ಕಟ್ಟಿದರೂ ಹೆದರುವುದಿಲ್ಲ.

ಮಲ್ಪೆ ಗಾಳಿ
ಹಳೇ ಮೀನುಬಲೆ ಕಟ್ಟಿ.

ಹಟ್ಟಿಗೊಬ್ಬರ
ಮೀನುಬಲೆ ಸಡಿಲ ಇಳಿಬಿಟ್ಟರೆ ಹಾವು, ಕೇರೆ, ಹಕ್ಕಿ ಎಲ್ಲ ಸಿಕ್ಕಿಬಿದ್ದು ಸಾಯ್ತವೆ. ನವಿಲು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಹಕ್ಕಿ, ಅದಕ್ಕೆ ನೋವಾಗುವಂಥದ್ದು ಏನೂ ಬೇಡ. ಬಿದಿರು ಸೀಳನ್ನು ಬಿಲ್ಲಿನಂತೆ ಬಗ್ಗಿಸಿ ಪಾತಿಗೆ ಅಡ್ಡ ನೆಟ್ಟು ಒಂದು ಇಂಚಿನ ಗಟ್ಟಿ ಬಲೆಯನ್ನು ಬಿಗಿಯಾಗಿ ಎಳೆದು ಅಂಚಿಗೆ ಕಲ್ಲು ಇಡಿ. ನಾಟಿಯ ಮೊದಲ ಮೂರು ವಾರ ಸಾಕು.

ತಾರಸಿ ಮಣಿಪಾಲ
ಬಸವನಹುಳಕ್ಕೆ ಎಂತ ಮಾಡ್ತೀರಿ? ಆ ದೊಡ್ಡ ಆಫ್ರಿಕನ್ ಜಾತಿಯದ್ದು. ಉಪ್ಪು ಹಾಕಿ ಅಂತಾರೆ.

ಮುಟ್ಟಾಳೆ
ಪಾತಿಗೆ ಉಪ್ಪು ಬೇಡವೇ ಬೇಡ, ಮೇಲೆ ಉಪ್ಪಿನ ಕತೆ ಓದಿದಿರಲ್ಲ. ಸಂಜೆ ಪಾತಿಯ ಬದಿಯಲ್ಲಿ ಒದ್ದೆ ಗೋಣಿ ಹಾಸಿ ಅದರಡಿ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಡಿ. ಬೆಳಿಗ್ಗೆ ಆರು ಗಂಟೆಗೆ ಗೋಣಿ ಮಗುಚಿದರೆ ಎಲ್ಲ ಅಲ್ಲೇ. ಕೈಗವಸು ಹಾಕಿ ಹೆಕ್ಕಿ ಬಕೆಟಿನ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮಿದುಳಿಗೆ ಏರುವ ಜಂತು ಅದರ ಮೈಯಲ್ಲಿ ಇರಬಹುದು. ಅದೇ ಕಾರಣಕ್ಕೆ ಹಸಿ ಎಲೆಯನ್ನು ಒಂದೊಂದಾಗಿ ಬಿಡಿಸಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಹುಳ ಹರಿದ ಬೆಳ್ಳಿಗೆರೆ ಕಂಡ ಎಲೆಯನ್ನು ಬೇಯಿಸಿಯೇ ತಿನ್ನಿ. ಬಸವನಹುಳ ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಇಟ್ಟರೆ ನಾಯಿ ಬೆಕ್ಕು ತಿಂದು ಸಾಯ್ತವೆ.

ತರಗೆಲೆ ಮುಚ್ಚಿಗೆ ತೇವಕ್ಕೆ ಒಳ್ಳೇದು, ಆದರೆ ಬುಡದಿಂದ ನಾಲ್ಕು ಬೆರಳು ದೂರ ಇರಲಿ. ತಾಗಿಸಿ ಹಾಕಿದರೆ ಹುಳಕ್ಕೂ ಬುಡಕೊಳೆಗೂ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಕುಡ್ಲ ಬಾಲ್ಕನಿ
ಹೇನಿಗೆ?

ಬಾವಿಕಟ್ಟೆ
ಎಲೆಯಡಿ ನೋಡಿ, ಇರುವೆ ಓಡಾಡಿದರೆ ಹೇನು ಉಂಟು ಅಂತಲೇ. ಸ್ವಲ್ಪ ಇದ್ದರೆ ನೀರಿನ ಪಿಚಕಾರಿ, ಬೆಳಿಗ್ಗೆ. ಹೆಚ್ಚಿದ್ದರೆ ಬೇವಿನೆಣ್ಣೆ 5 ಮಿಲಿ, ದ್ರವ ಸೋಪು 2 ಮಿಲಿ, ಒಂದು ಲೀಟರ್ ನೀರಿಗೆ, ಬಿಸಿಲು ಇಳಿದ ಮೇಲೆ. ಕಟ್ಟುವ ವಾರದಲ್ಲಿ ಹೊಡೀಬೇಡಿ. ಹೊಡೆದ ಮೇಲೆ ಒಂದು ವಾರ ಕೊಯ್ಯಬೇಡಿ, ಬೇವಿನ ಕಹಿ ಎಂಡೈವ್‌ನ ಕಹಿಯನ್ನೂ ಮೀರ್ತದೆ.

ಗುಳ್ಳ ಪ್ರಿಯ
ಅಡುಗೆ ಎಂತದು? ಯಾರೂ ಹೇಳಲೇ ಇಲ್ಲ.

ಮುಟ್ಟಾಳೆ
ಹೊರ ಎಲೆ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿದ ಕುದಿನೀರಿನಲ್ಲಿ ಒಂದು ನಿಮಿಷ ಬಿಟ್ಟು ನೀರು ಚೆಲ್ಲಿ ಹಿಂಡಿ. ಅರ್ಧ ಕಹಿ ಅಲ್ಲೇ ಹೋಯ್ತು. ಆಮೇಲೆ ಬೆಳ್ಳುಳ್ಳಿ, ಒಣಮೆಣಸು, ಸಾಸಿವೆ ಒಗ್ಗರಣೆಗೆ ಹಾಕಿ ಎರಡು ಮಗುಚು, ಸಣ್ಣ ತುಂಡು ಬೆಲ್ಲ, ತೆಂಗಿನತುರಿ. ಬೇಯಿಸಿದ ಅಲಸಂಡೆ ಬೀಜ ಸೇರಿಸಿದರೆ ಹೊಟ್ಟೆ ತುಂಬುವ ಪಲ್ಯ. ಇಟಲಿಯವರೂ ಎಸ್ಕರೋಲನ್ನು ಬಿಳಿ ಬೀನ್ಸಿನ ಜೊತೆ ಬೇಯಿಸುವುದು. ಕಹಿ ಸೊಪ್ಪಿಗೆ ಹಿಟ್ಟಿನಂಥ ಕಾಳು ಹೊಂದ್ತದೆ.

ತಂಬುಳಿಗೂ ಆಗ್ತದೆ: ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಲು ಕಡಿ ತೆಂಗಿನಕಾಯಿ ಜೊತೆ ನುಣ್ಣಗೆ ಅರೆದು ಮಜ್ಜಿಗೆ. ಬಿಳಿ ನಡುವನ್ನು ಬೇಯಿಸಿ ಹಾಳು ಮಾಡ್ಬೇಡಿ, ಹೆಸರುಬೇಳೆ ಕೋಸಂಬರಿಗೆ ಹಸಿಯಾಗಿಯೇ, ಲಿಂಬೆ ಹಿಂಡಿ.

ಮಲ್ಪೆ ಗಾಳಿ
ಮನೆಯ ಹಿರಿಯರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರೆ. ಸೊಪ್ಪು ನೋಡಿ ತಿನ್ನಿ ಅಂತಾರಲ್ಲ, ಇದೂ ಆ ಲೆಕ್ಕಕ್ಕೆ ಬರ್ತದಾ?

ಬಾವಿಕಟ್ಟೆ
ಬರ್ತದೆ. 100 ಗ್ರಾಂ ಹಸಿ ಎಂಡೈವ್‌ನಲ್ಲಿ ಸುಮಾರು 231 ಮೈಕ್ರೋಗ್ರಾಂ ವಿಟಮಿನ್ ಕೆ, ರಕ್ತ ಹೆಪ್ಪುಗಟ್ಟಲಿಕ್ಕೆ ಬೇಕಾದ್ದು ಅದು. ಮಾತ್ರೆ ವಾರ್ಫರಿನ್ ಅಥವಾ ಅಸಿಟ್ರಾಮ್ ಜಾತಿಯದ್ದಾದರೆ ಒಂದು ವಾರ ತಟ್ಟೆ ತುಂಬ, ಮುಂದಿನ ವಾರ ಏನೂ ಇಲ್ಲ ಅಂತ ಮಾಡಬಾರದು. ವೈದ್ಯರಲ್ಲಿ ಕೇಳಿಯೇ ಶುರು ಮಾಡಿಸಿ.

ಕಟಪಾಡಿ ಕೈತೋಟ
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಈಗ ಜನವರಿಯಲ್ಲಿ ಮತ್ತೊಂದು ಸಲ ಬೀಜ ಹಾಕಬಹುದಾ? ಎಸ್ಕರೋಲ್ ತರಿಸುವ ಅಂತ.

ಬೀಜದ ಡಬ್ಬಿ
ಪೂರ್ಣ ಗಿಡಕ್ಕೆ ಬೇಡ. ಬೀಜದಿಂದ ಕೊಯ್ಲಿಗೆ 85–95 ದಿನ ಬೇಕು, ಏಪ್ರಿಲಿಗೆ ಮುಟ್ಟುತ್ತದೆ. ಫೆಬ್ರವರಿ ಕೊನೆಗೇ ನಮ್ಮಲ್ಲಿ ಮಧ್ಯಾಹ್ನ 34 ಆಗ್ತದೆ, ಆಮೇಲೆ ಎಲೆ ಚರ್ಮದ ಹಾಗೆ ಒರಟು. ಈಗ ಹಾಕುವುದಾದರೆ ಎಳೆಸೊಪ್ಪಿಗೆ: ಅಗಲ ಟಬ್ಬಿನಲ್ಲಿ ಮೂರು ಬೆರಳು ಅಂತರದ ಸಾಲು, 40 ದಿನಕ್ಕೆ ಕತ್ತರಿಯಲ್ಲಿ ಕೊಯ್ಲು.

ದೊಡ್ಡ ಗಿಡಕ್ಕೆ ಅಕ್ಟೋಬರ್ 15ರಿಂದ ಡಿಸೆಂಬರ್ ಮೊದಲ ವಾರದವರೆಗೆ, 15 ದಿನಕ್ಕೊಮ್ಮೆ ಹತ್ತು ಹತ್ತು ಬೀಜ. ಒಟ್ಟಿಗೆ ಹಾಕಿದರೆ ಒಟ್ಟಿಗೇ ಬಲೀತದೆ, ತಿಂದು ಮುಗಿಯುವುದಿಲ್ಲ. ಮಳೆಗಾಲದಲ್ಲಿ ಪಾರದರ್ಶಕ ಶೀಟಿನ ಮಾಡು ಇಲ್ಲದೆ ಕೈಹಾಕಬೇಡಿ. ಎಸ್ಕರೋಲಿನಲ್ಲಿ ಬಟಾವಿಯನ್ ಫುಲ್ ಹಾರ್ಟ್ ಅಂತ ಬರುವುದನ್ನು ನೋಡಿ. ಗುಂಗುರಿನದ್ದೇ ಬೇಕೆಂದರೆ ಪಂಕಾಲಿಯೇರಿ, ಅದರ ನಡು ಕಟ್ಟದೆಯೂ ತಕ್ಕಮಟ್ಟಿಗೆ ಬಿಳಿಯಾಗ್ತದೆ.

ಮೂಡುಗಾಳಿ
ಬೀಜ ಪ್ರತಿ ಸಲ ತರಿಸಬೇಕಾ? ಒಂದು ಗಿಡ ಹೂ ಬಿಡಲಿಕ್ಕೆ ಬಿಟ್ಟರೆ?

ಬೀಜದ ಡಬ್ಬಿ
ಬಿಡಬಹುದು. ಕೋಲು ಮೂರು ನಾಲ್ಕು ಅಡಿ ಏಳ್ತದೆ, ತಿಳಿನೀಲಿ ಹೂ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡ್ತದೆ. ತನ್ನಷ್ಟಕ್ಕೇ ಪರಾಗ ಹೊಂದುವ ಜಾತಿ, ಒಂದೇ ಗಿಡ ಇದ್ದರೂ ಬೀಜ ಕಟ್ತದೆ. ಒಣಗಿದ ಬೀಜಕೋಶ ಗಟ್ಟಿ, ಬೆರಳಲ್ಲಿ ಬಿಡಿಸಲಿಕ್ಕಾಗುವುದಿಲ್ಲ, ಬಟ್ಟೆಯಲ್ಲಿ ಕಟ್ಟಿ ಗುದ್ದಬೇಕು. ಆದರೆ ಮೇ ಕೊನೆಯ ಮಳೆ ಬೀಳುವ ಮೊದಲು ಕೊಯ್ದು ಒಣಗಿಸಬೇಕು, ಒದ್ದೆಯಾದರೆ ಕೋಶದೊಳಗೇ ಬೂಸು. ಎಲ್ಲಕ್ಕಿಂತ ಮೊದಲು ಕೋಲೆದ್ದ ಗಿಡದಿಂದ ಬೀಜ ತೆಗೀಬೇಡಿ, ಬೇಗ ಕೋಲೇಳುವ ಗುಣವೇ ಮುಂದುವರೀತದೆ. ಕೊನೆಯವರೆಗೆ ಎಲೆ ಕೊಟ್ಟದ್ದನ್ನು ಬಿಡಿ.

ಕಟಪಾಡಿ ಕೈತೋಟ
ಬ್ಯಾಗುಗಳಿಗೆ ಇವತ್ತು ಬೆಳಿಗ್ಗೆ ನೀರು ಹರಿಸಿದ್ದು. ಹತ್ತು ಲೀಟರಿಗೂ ಬಣ್ಣ ಪೂರಾ ಹೋಗಲಿಲ್ಲ, ಇನ್ನೂ ನಾಲ್ಕು ಹಾಕಿದ ಮೇಲೆ ತಿಳಿ ಬಂತು. ಪಾತಿಯ ಎರಡು ಗಿಡದ ನಡು ಶುದ್ಧ ಉಂಟು. ಒಂದಕ್ಕೆ ಹಾಳೆತಟ್ಟೆ, ಒಂದಕ್ಕೆ ಬಾಳೆನಾರು. ಕೊಯ್ಯುವಾಗ ಬುಡಸಮೇತ ಕೀಳುವುದಾ, ಕತ್ತರಿಸುವುದಾ?

ಮುಟ್ಟಾಳೆ
ನೆಲದಿಂದ ಎರಡು ಬೆರಳು ಮೇಲೆ ಚೂರಿಯಲ್ಲಿ ಒಂದೇ ಏಟಿಗೆ ಕೊಯ್ಯಿರಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ. ಕುತ್ತಿ ಬಿಟ್ಟು ಆ ದಿನ ನೀರು ಹಾಕಬೇಡಿ, ಹಾಲು ಒಣಗಿ ಗಾಯ ಮುಚ್ಚಲಿ. ಹತ್ತು ಹನ್ನೆರಡು ದಿನಕ್ಕೆ ಪಕ್ಕದಿಂದ ಚಿಗುರು ಬರ್ತದೆ. ಅದು ಮತ್ತೆ ದೊಡ್ಡ ಗಿಡ ಆಗುವುದಿಲ್ಲ, ಒಂದು ತಂಬುಳಿಗೆ ಸಾಕಾಗುವಷ್ಟು ಉಂಟು.